ಬೇರೆ ಕಾರಣ

ವಾ ನೆಂಗ್ ಬೀನ್ಸ್ ಸಾಲಿನ ನಡುವೆ ಕುಸಿದು ಬಿದ್ದಾಗ ಅವನ ತಾಯಿ ಬ್ಲಿಯಾ ಮೊದಲು ನೋಡಿದ್ದು ಬಿದ್ದ ಮಗನನ್ನಲ್ಲ, ಪಕ್ಕದ ಸಾಲಿನಲ್ಲಿ ಈರುಳ್ಳಿ ಸೊಪ್ಪು ಕೀಳುತ್ತಿದ್ದ ಮೊಮ್ಮಗಳನ್ನು.

ಪಾನ್ಯಾ ಕೈಯಲ್ಲಿದ್ದ ಕಟ್ಟು ಬಿಸಾಡಿ ಓಡಿಬಂದಳು. ಅಷ್ಟರಲ್ಲಿ ಅವಳ ಅಮ್ಮ ಮೀ ಗಂಡನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಟೊಪ್ಪಿಯಿಂದ ಗಾಳಿ ಹಾಕುತ್ತಿದ್ದಳು. ತಮ್ಮ ಫೆಂಗ್ ವ್ಯಾನಿನಲ್ಲಿದ್ದ ತನ್ನ ಸಿಹಿ ಸೋಡಾ ತಂದು ಅಪ್ಪನ ಬಾಯಿಗಿಟ್ಟ. ನಾಲ್ಕು ಗುಟುಕು ಒಳಗೆ ಹೋದ ಮೇಲೆ ಅಪ್ಪ ಎದ್ದು ಕೂತು, "ಏನಿಲ್ಲ, ಬಿಸಿಲು" ಅಂದ.

"ಬಿಸಿಲಂತೆ," ಅಂದಳು ಅಜ್ಜಿ. "ಇಷ್ಟು ವರ್ಷದಿಂದ ಇದೇ ಬಿಸಿಲಲ್ಲಿ ಬಗ್ಗಿದೀಯ. ಈ ವರ್ಷ ಹೊಸ ಸೂರ್ಯ ಬಂದಿದಾನಾ? ಹೊಸದಾಗಿ ಬಂದಿರೋದು ಯಾವುದು ಅಂತ ನನಗೆ ಗೊತ್ತು."

ಪಾನ್ಯಾ ಮಣ್ಣಿನ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ತನ್ನ ಸಾಲಿಗೆ ಹಿಂತಿರುಗಿದಳು. ಶನಿವಾರದ ಸಂತೆಗೆ ಇನ್ನೂ ಅರ್ಧ ಸಾಲು ಕಟ್ಟುವುದಿತ್ತು.

ಅವಳು ಗಂಡನ ಮನೆ ಬಿಟ್ಟು ಬಂದದ್ದು ವಸಂತದಲ್ಲಿ, ನೆಲಮಾಳಿಗೆಯ ದೀಪದ ಕೆಳಗೆ ಮೆಣಸಿನ ಸಸಿಗಳು ಎರಡೆಲೆ ಬಿಟ್ಟಿದ್ದಾಗ. ಗಂಡ ತೂ ಶ್ಯೊಂಗ್ ನೆಂಟರನ್ನು ನೋಡಿಬರುತ್ತೇನೆಂದು ಲಾವೋಸಿಗೆ ಹೋದವನು ಅಲ್ಲೊಬ್ಬ ಹುಡುಗಿಯನ್ನು ಮದುವೆಯಾಗಿದ್ದ. ಅವಳು ಅಮೆರಿಕದ ಈ ಸೇಂಟ್ ಪಾಲ್‌ ಊರಿಗೆ ಬಂದಿಳಿದ ದಿನ, "ಇವಳಿಗೆ ಅಡುಗೆಮನೆ ತೋರಿಸು" ಅಂತ ಪಾನ್ಯಾಳಿಗೆ ಹೇಳಿದ. ಪಾನ್ಯಾ ತೋರಿಸಿದಳು. ಅಕ್ಕಿಯ ಚೀಲ ಎಲ್ಲಿದೆ, ಯಾವ ಒಲೆ ಸರಿಯಾಗಿ ಹತ್ತುವುದಿಲ್ಲ, ಮಾವನಿಗೆ ಖಾರ ಎಷ್ಟು ಬೇಕು, ಎಲ್ಲ ಹೇಳಿಕೊಟ್ಟು, ಎರಡು ಚೀಲ ತುಂಬಿಕೊಂಡು ಬಸ್ಸು ಹತ್ತಿದಳು.

ತವರಿನ ಬಾಗಿಲಲ್ಲಿ ಅವಳನ್ನು ಕಂಡು ಅಪ್ಪ, "ಒಳಗೆ ಬಾ" ಅಂದ. ಅಜ್ಜಿ ಮಾತ್ರ ಮುಂಬಾಗಿಲಿಗೆ ಎದುರಾದ ಗೋಡೆಯ ಕಡೆ ತಿರುಗಿದಳು. ಅಲ್ಲಿ ಮನೆದೈವದ ಜಾಗ: ಬೆಳ್ಳಿ ಬಂಗಾರದ ಬಣ್ಣದ ಕಾಗದ, ಅದಕ್ಕೆ ಅಂಟಿಸಿದ ಕೋಳಿಗರಿ.

"ಮದುವೆ ದಿನ ಆ ಮನೆ ಹೊಸ್ತಿಲಲ್ಲಿ ನಿನ್ನ ತಲೆ ಸುತ್ತ ಹುಂಜ ತಿರುಗಿಸಿದಾರೆ. ಆವತ್ತಿಂದ ನೀನು ಅವರ ದೈವದ ಲೆಕ್ಕ. ಈ ಗೋಡೆಗೆ ನಿನ್ನ ಗುರುತು ಸಿಗಲ್ಲ ಕಣೇ."

"ಗೋಡೆಗೆ ಸಿಗದಿದ್ರೆ ಹೋಗ್ಲಿ, ನಿನಗೆ ಸಿಗುತ್ತಲ್ಲ ಅಜ್ಜಿ?"

"ನನಗೆ ಸಿಕ್ಕಿ ಏನು ಮಾಡ್ಲಿ? ಈ ಮನೆಯವರನ್ನ ಕಾಯೋದು ನಾನಾ?"

ಪಾನ್ಯಾ ಬೆಳಗಿನ ಹೊತ್ತು ಬಡವರಿಗೆ ಕಾನೂನು ನೆರವು ಕೊಡುವ ಒಂದು ಕಚೇರಿಯಲ್ಲಿ ದುಭಾಷಿಯ ಕೆಲಸ ಮಾಡುತ್ತಿದ್ದಳು. ಲಾವೋಸಿನ ಬೆಟ್ಟಗಳಿಂದ ಬಂದ ತಮ್ಮ ಮ್ಹೊಂಗ್ ಜನರ ಮಾತನ್ನು ವಕೀಲರಿಗೆ, ವಕೀಲರ ಮಾತನ್ನು ತಮ್ಮವರಿಗೆ ದಾಟಿಸುತ್ತ ದಾಟಿಸುತ್ತ, ಒಂದು ದಿನ ವಕೀಲರ ಕುರ್ಚಿಯಲ್ಲಿ ಕೂತು ತನ್ನದೇ ಮಾತಾಡಬೇಕು ಅನ್ನಿಸಿತ್ತು ಅವಳಿಗೆ. ಕಾನೂನು ಕಾಲೇಜಿನ ಪ್ರವೇಶ ಪರೀಕ್ಷೆ ಅಕ್ಟೋಬರ್ ಕೊನೆಗಿತ್ತು. ಸೀಟು ಸಿಕ್ಕರೆ ಕಾಲೇಜು ಮುಂದಿನ ಬೇಸಿಗೆ ಮುಗಿದ ಮೇಲೆ. ಅರ್ಧ ದಿನದ ಸಂಬಳಕ್ಕೆ ಈ ಊರಲ್ಲಿ ಬಾಡಿಗೆಯ ಕೋಣೆ ಸಿಗುವಂತಿರಲಿಲ್ಲ. ಅಲ್ಲಿಯವರೆಗೆ ಈ ಮನೆಯಲ್ಲೊಂದು ಹಾಸಿಗೆ ಬೇಕಾಗಿತ್ತು. ಅವಳು ಕೇಳಿದ್ದು ಅಷ್ಟೇ.

ಸಂತೆಯ ಹಿಂದಿನ ಸಂಜೆ ಅಜ್ಜಿಯೊಬ್ಬಳನ್ನು ಬಿಟ್ಟು ಎಲ್ಲರೂ ಅಡುಗೆಮನೆಯ ಮೇಜಿನ ಸುತ್ತ ಕೂತು ಸೊಪ್ಪಿಗೆ ರಬ್ಬರ್ ಬ್ಯಾಂಡ್ ಹಾಕುತ್ತಿದ್ದರು.

"ಒಂದು ಪ್ರಶ್ನೆ ಓದು ಅಕ್ಕ," ಅಂದ ಫೆಂಗ್. "ಕಟ್ಟಿ ಕಟ್ಟಿ ನಿದ್ದೆ ಬರ್ತಿದೆ."

ಪಾನ್ಯಾ ಮೊಣಕೈಯಿಂದ ಪರೀಕ್ಷೆಯ ಪುಸ್ತಕ ಸರಿಸಿಕೊಂಡಳು. "ಒಂದು ಊರಲ್ಲಿ ಹೊಸ ಬೇಕರಿ ಶುರುವಾಯ್ತು. ಅದೇ ವರ್ಷ ಹಲ್ಲುನೋವಿನ ರೋಗಿಗಳು ಎರಡರಷ್ಟಾದ್ರು. ಆದ್ದರಿಂದ ಬೇಕರಿಯೇ ಹಲ್ಲುನೋವಿಗೆ ಕಾರಣ. ಈ ವಾದವನ್ನ ಎಲ್ಲಕ್ಕಿಂತ ಹೆಚ್ಚು ದುರ್ಬಲ ಮಾಡೋ ಹೇಳಿಕೆ ಯಾವುದು?"

"ಬೇಕರಿಯವನು ತುಂಬ ಒಳ್ಳೆಯವನು."

"ಅದು ಆಯ್ಕೇಲಿ ಇಲ್ಲ ಕಣೋ."

"ಊರವರು ಮುಂಚೇನೂ ಸಕ್ಕರೆ ತಿಂತಿದ್ರೇನೋ," ಅಂದಳು ಅಮ್ಮ.

"ಹತ್ತಿರ ಬಂದೆ ಅಮ್ಮ. ಉತ್ತರ ಇದು: ಅದೇ ವರ್ಷ ಆ ಊರಿಗೆ ಮೊದಲ ಹಲ್ಲಿನ ಡಾಕ್ಟರ್ ಬಂದ. ಅಂದ್ರೆ ನೋವು ಮುಂಚೆಯೂ ಇತ್ತು, ಎಣಿಸೋರು ಇರಲಿಲ್ಲ."

ಒಲೆಯ ಮುಂದಿನಿಂದ ಅಜ್ಜಿ ಕೇಳಿದಳು: "ಆ ಬೇಕರಿಯವನು ಎಲ್ಲಿಂದ ಬಂದ?"

"ಅದು ಬರೆದಿಲ್ಲ ಅಜ್ಜಿ."

"ಅದನ್ನೇ ಬರೆದಿಲ್ಲ ಅಂದ್ಮೇಲೆ ಅದೆಂಥ ಪ್ರಶ್ನೆ? ಎಲ್ಲೋ ಸೇರಬೇಕಾದವನು ಎಲ್ಲೋ ಬಂದು ಸೇರ್ಕೊಂಡಿರ್ತಾನೆ. ಊರಿನ ಹಲ್ಲು ಉದುರದೆ ಇನ್ನೇನಾಗುತ್ತೆ?"

ಫೆಂಗ್ ನಕ್ಕ. ಬೇರೆ ಯಾರೂ ನಗದ್ದನ್ನು ಕಂಡು ತಲೆ ತಗ್ಗಿಸಿ ಸೊಪ್ಪು ಎಣಿಸತೊಡಗಿದ.

ಪರೀಕ್ಷೆಗೆಂದು ಲೈಬ್ರರಿಯಲ್ಲಿ ನಡೆಯುವ ಪಾಠದಲ್ಲಿ ಮೇಷ್ಟ್ರು ಹೇಳಿಕೊಟ್ಟಿದ್ದರು: ಒಂದರ ಹಿಂದೆ ಒಂದು ಬಂದ ಮಾತ್ರಕ್ಕೆ ಮೊದಲಿನದು ಎರಡನೆಯದನ್ನು ಹೆತ್ತಿದೆ ಅಂತಲ್ಲ. ಬೇರೆ ಕಾರಣವೊಂದನ್ನು ತೋರಿಸಿ. ಇಲ್ಲವೇ ಆ ಕಾರಣವನ್ನು ತೆಗೆದಿಟ್ಟರೂ ಅದೇ ಪರಿಣಾಮ ನಡೆಯುತ್ತದೆಂದು ತೋರಿಸಿ. ವಾದ ಅಲ್ಲಿಗೇ ಕುಂಟುತ್ತದೆ. ಈ ಬಗೆಯ ಪ್ರಶ್ನೆಗಳು ಪಾನ್ಯಾಳಿಗೆ ತಪ್ಪುತ್ತಲೇ ಇರಲಿಲ್ಲ.

ಅಪ್ಪ ಎರಡನೆಯ ಸಲ ಬಿದ್ದದ್ದು ಸಂತೆಯಲ್ಲಿ, ಬೆಳಗಿನ ಗಿರಾಕಿಗಳ ಎದುರು. ಬದನೆಕಾಯಿಯ ಬುಟ್ಟಿಯನ್ನು ಹಿಡಿಯಹೋಗಿ ಅದನ್ನೂ ಮೈಮೇಲೆ ಕೆಡವಿಕೊಂಡ. ಸಕ್ಕರೆ ಕಾಯಿಲೆಯ ಮಾತ್ರೆ ತೆಗೆದುಕೊಂಡಿದ್ದ, ಸಿಹಿಯ ಏನನ್ನೂ ತಿಂದಿರಲಿಲ್ಲ. ಆ ವಾರವೇ ಅಜ್ಜಿ ಚೆರ್ ಪಾವ್ ದೊಡ್ಡಪ್ಪನಿಗೆ ಹೇಳಿಕಳಿಸಿದಳು. ಈ ಮನೆಯವರು ಸೇರಿದ ಲೋರ್ ಕುಲದ ಹಿರಿಯರು ಅವರು. ಮದುವೆಗೂ, ಮುರಿದ ಮದುವೆಗೂ, ಸಾವಿಗೂ ಅವರೇ ಬಂದು ಕೂರಬೇಕು.

ಸಾಸಿವೆ ಸೊಪ್ಪಿನ ಜೊತೆ ಬೇಯಿಸಿದ ಹಂದಿ ಮಾಂಸ, ಅರೆದ ಮೆಣಸಿನಕಾಯಿ, ಅನ್ನ. ದೊಡ್ಡಪ್ಪ ಒಂದು ಬಟ್ಟಲು ಮುಗಿಸುವವರೆಗೂ ಮಾತೆತ್ತಲಿಲ್ಲ.

"ಶ್ಯೊಂಗ್ ಮನೆಯವರು ಮಾತಾಡಿದಾರಮ್ಮ. ನೀನು ಬಂದ್ರೆ ಕರ್ಕೊಳ್ತಾರಂತೆ. ಆ ಹುಡುಗಿ ಚಿಕ್ಕೋಳು. ನೀನು ಹೇಳಿದ ಹಾಗೆ ಕೇಳ್ಕೊಂಡು ಇರ್ತಾಳೆ."

"ನನ್ನ ಓದು ದೊಡ್ಡಪ್ಪ?"

"ಇಬ್ಬರು ಹೆಂಡಿರಿರೋ ಮನೇಲಿ ಓದು ಯಾಕಮ್ಮ? ಅಲ್ಲಿ ದಿನಾ ಕೋರ್ಟೇ."

ಫೆಂಗ್ ಕೂಡ ಈ ಸಲ ನಗಲಿಲ್ಲ. ಅಜ್ಜಿ ನಿಂತೇ ಇದ್ದಳು. ಪಾನ್ಯಾ ಕೂತ ಮೇಜಿಗೆ ಅವಳು ವಸಂತದಿಂದ ಕೂತಿರಲಿಲ್ಲ. "ಇವಳು ಬಂದಳು, ಅವನು ಬಿದ್ದ. ಇವಳು ಇಲ್ಲೇ ಉಳಿದಳು, ಅವನು ಮತ್ತೆ ಬಿದ್ದ. ಇನ್ನೇನು ಹೇಳಬೇಕು?"

"ಅಪ್ಪನಿಗೆ ಸಕ್ಕರೆ ಕಾಯಿಲೆ ಎಷ್ಟೋ ವರ್ಷದ್ದು ಅಜ್ಜಿ."

"ಕಾಯಿಲೆ ಇತ್ತು. ಬಿದ್ದಿದ್ನಾ? ಮೀ, ನೀನು ಹೇಳು. ಇವಳು ಬರೋಕೆ ಮುಂಚೆ ನಿನ್ನ ಗಂಡ ಬಿದ್ದಿದ್ನಾ?"

ಅಮ್ಮ ಮಗಳ ಮುಖ ನೋಡಲಿಲ್ಲ. "ಬಿದ್ದಿರಲಿಲ್ಲ."

"ಸರಿ," ಅಂದಳು ಪಾನ್ಯಾ. ಪುಸ್ತಕದ ಮುಂದೆ ಹೊಳೆಯುವ ಹಾಗೆಯೇ ಅವಳಿಗೆ ಅದು ಹೊಳೆಯಿತು. "ಹಿತ್ತಲ ಗ್ಯಾರೇಜು ಬೇರೆ ಸೂರು. ಅಲ್ಲಿ ಮನೆದೈವದ ಲೆಕ್ಕ ಇಲ್ಲ ಅಲ್ವ? ತರಕಾರಿ ಮುಗಿಯೋವರೆಗೆ ಅಲ್ಲಿರ್ತೀನಿ. ಅಷ್ಟರಲ್ಲಿ ಅಪ್ಪ ಮತ್ತೆ ಬಿದ್ರೆ ನಾನು ಕಾರಣ ಅಲ್ಲ ಅಂತಾಯ್ತು. ಆಮೇಲೆ ಈ ಮಾತು ಯಾರೂ ಎತ್ತಬಾರದು."

"ಬೀಳದಿದ್ರೆ?" ಅಂದಳು ಅಜ್ಜಿ.

"ಬೀಳದಿದ್ರೆ ದೊಡ್ಡಪ್ಪ ಹೇಳಿದ ಹಾಗೆ ಕೇಳ್ತೀನಿ."

ಅಪ್ಪ ಚಮಚ ಕೆಳಗಿಟ್ಟ. ಮಗಳ ಕಡೆ ನೋಡಿ, ಮತ್ತೆ ಚಮಚ ಎತ್ತಿಕೊಂಡ.

"ಹಿರಿಯರ ಮುಂದೆ ಆಡಿದ ಮಾತಮ್ಮ," ಅಂದರು ದೊಡ್ಡಪ್ಪ.

"ಹೌದು."

ಗ್ಯಾರೇಜು ಹಿತ್ತಲಿನ ಆಚೆ ತುದಿಯಲ್ಲಿ, ಹಿಂದಿನ ಓಣಿಗೆ ಮುಖ ಮಾಡಿ ನಿಂತಿತ್ತು. ಫೆಂಗ್ ಕಾರನ್ನು ಓಣಿಯಲ್ಲಿ ನಿಲ್ಲಿಸಿ, ಉಳುವ ಯಂತ್ರವನ್ನು ಮೂಲೆಗೆ ತಳ್ಳಿ, ಮಡಿಸುವ ಮಂಚ ಹಾಕಿಕೊಟ್ಟ. ಪೆಟ್ರೋಲಿನ, ಗೊಬ್ಬರದ, ಒಣಗಿದ ಬೆಳ್ಳುಳ್ಳಿಯ ವಾಸನೆ. ಬಚ್ಚಲಿಗೆ ನೆಲಮಾಳಿಗೆಯ ಹಿಂದಿನ ಬಾಗಿಲಿಂದ ಬಂದುಹೋಗಬಹುದು, ಅದು ಗೋಡೆಗೆ ಕಾಣುವುದಿಲ್ಲ ಅಂತ ಅಜ್ಜಿಯೇ ತೀರ್ಮಾನಿಸಿದಳು.

"ಅಂದ್ರೆ ದೈವಕ್ಕೆ ಬಚ್ಚಲಮನೆ ತೋರಿಸಿಲ್ಲ ನಾವು," ಅಂದ ಫೆಂಗ್.

"ಬಾಯ್ಮುಚ್ಚೋ," ಅಂದಳು ಅಜ್ಜಿ.

ಊಟವನ್ನು ಅಮ್ಮ ತಟ್ಟೆ ಮುಚ್ಚಿ ತಂದು ಕೊಡುತ್ತಿದ್ದಳು. ಪಾನ್ಯಾ ತಿನ್ನುವವರೆಗೂ ಬಾಗಿಲಲ್ಲಿ ನಿಂತು, ಸೌತೆಕಾಯಿ ಎಷ್ಟಕ್ಕೆ ಹೋಯಿತು, ಯಾರ ಮಗಳ ಮದುವೆ, ಅಂತ ಮಾತಾಡಿ, ಖಾಲಿ ತಟ್ಟೆ ತೆಗೆದುಕೊಂಡು ಹೋಗುವಳು. ಒಳಗೆ ಬಂದು ಮಂಚದ ಮೇಲೆ ಒಂದು ಸಲವೂ ಕೂರಲಿಲ್ಲ. ಆಗಸ್ಟ್ ಹಾಗೇ ಕಳೆಯಿತು. ಅಪ್ಪ ಬೀಳಲಿಲ್ಲ. ಕಣ್ಣ ಕೆಳಗಿನ ಕಪ್ಪು ಹೋಯಿತು. ಕುಂಬಳಕಾಯಿಯ ಪೆಟ್ಟಿಗೆಗಳನ್ನು ಅವನೇ ಎತ್ತಿ ವ್ಯಾನಿಗೆ ಹಾಕತೊಡಗಿದ. ಸಂತೆಯ ಗಿರಾಕಿಗಳು ಕೈಸನ್ನೆ ಮಾಡಿ, ಚೆನ್ನಾಗಿದ್ದೀಯ, ಅಂದರು.

ಅಜ್ಜಿಯ ದನಿಯೂ ಬದಲಾಯಿತು. ಒಂದು ದಿನ ಪರಂಗಿಕಾಯಿ ಕುಟ್ಟಿ ಕಲಸಿ ಬಟ್ಟಲು ತುಂಬ ಕಳಿಸಿದಳು. "ಖಾರ ಜಾಸ್ತಿ ಹಾಕಿದೀನಿ ಅಂತ ಹೇಳು. ಚಿಕ್ಕೋಳಿದ್ದಾಗ ಹಾಗೇ ಬೇಕು ಅಂತಿದ್ದಳು." ಅಜ್ಜಿಗೆ ತನ್ನ ಮೇಲೆ ಸಿಟ್ಟೇ ಇರಲಿಲ್ಲ ಅನ್ನುವುದು ಪಾನ್ಯಾಳಿಗೆ ಆಗ ತಿಳಿಯಿತು. ಸಿಟ್ಟಾಗಿದ್ದರೆ ಸುಲಭವಾಗುತ್ತಿತ್ತು.

"ಲಾಯರಮ್ಮ, ಕೇಸು ಸೋಲ್ತಾ ಇದೀಯ," ಅಂದ ಫೆಂಗ್, ಗ್ಯಾರೇಜಿನಿಂದ ಬುಟ್ಟಿ ಎತ್ತುತ್ತ.

"ಇನ್ನೂ ತರಕಾರಿ ಮುಗಿದಿಲ್ಲ."

"ಅಂದ್ರೆ ಅಪ್ಪ ಬೀಳ್ಲಿ ಅಂತ ಕಾಯ್ತಿದೀಯ?"

ತಮಾಷೆಗೆ ಅಂದದ್ದು. ಅವಳ ಮುಖ ಕಂಡು ಬುಟ್ಟಿ ಕೆಳಗಿಟ್ಟು, "ಅಕ್ಕ, ಸುಮ್ನೆ ಅಂದೆ"  ಅಂದ. ಸಂಜೆ ವ್ಯಾನು ವಾಪಸ್ಸು ಬರುವಾಗ ಅಪ್ಪ ತಾನಾಗಿ ಇಳಿಯುತ್ತಾನೋ ಇಲ್ಲವೋ ಅಂತ ದಿನವೂ ಬಾಗಿಲ ಸಂದಿಯಿಂದ ನೋಡುತ್ತಿದ್ದಳು ಅವಳು. ಏನನ್ನು ಕಾಣಲು ನೋಡುತ್ತಿದ್ದೇನೆಂದು ಅವಳಿಗೇ ಗೊತ್ತಿರಲಿಲ್ಲ.

ಸೆಪ್ಟೆಂಬರಿನಲ್ಲಿ ಅಪ್ಪನ ತಪಾಸಣೆ. ಯಾವಾಗಿನಂತೆ ಪಾನ್ಯಾಳೇ ದುಭಾಷಿಯಾಗಿ ಹೋದಳು. ಅಪ್ಪ ಮನೆಯಲ್ಲಿ ಬೆರಳು ಚುಚ್ಚಿ ನೋಡುವ ಯಂತ್ರದೊಳಗಿನ ಲೆಕ್ಕವನ್ನು ನರ್ಸು ಕಂಪ್ಯೂಟರಿನಲ್ಲಿ ತೆಗೆದು ನೋಡಿದಳು.

"ಈಗ ಚೆನ್ನಾಗಿದೆ. ಆದ್ರೆ ಬೇಸಿಗೇಲಿ ಕೆಲವು ಬೆಳಿಗ್ಗೆ ಸಕ್ಕರೆ ತುಂಬಾ ಕೆಳಗಿಳಿದಿದೆಯಲ್ಲ?"

"ಕೆಳಗಾ? ಮೇಲಲ್ವಾ?"

"ಕೆಳಗೆ. ಅಷ್ಟು ಇಳಿದ್ರೆ ಎಂಥವರಾದ್ರೂ ಬೀಳ್ತಾರೆ. ಮಾತ್ರೆ ಜೊತೆ ಬೇರೆ ಏನಾದ್ರೂ ತಗೋತಿದ್ರಾ, ಕೇಳಿ."

ಮನೆಯಲ್ಲಿ ಸಕ್ಕರೆ ಅಂದರೆ ಏರುವುದು ಅಂತಲೇ ಎಲ್ಲರ ಲೆಕ್ಕ. ಪಾನ್ಯಾ ಮ್ಹೊಂಗ್ ಮಾತಿನಲ್ಲಿ ಅಪ್ಪನನ್ನು ಕೇಳಿದಳು. ಅಪ್ಪ ನೆಲ ನೋಡಿದ.

"ಇಲ್ಲ ಅನ್ನು."

"ಇಲ್ಲವಂತೆ," ಅಂದಳು ಪಾನ್ಯಾ ಇಂಗ್ಲಿಷಿನಲ್ಲಿ.

ಮರುದಿನ ಹೊಲದಲ್ಲಿ ಕೊನೆಯ ಹಾಗಲಕಾಯಿ ಕೀಳುವ ಕೆಲಸ. ಅಜ್ಜಿಯ ಗಿಡಮೂಲಿಕೆ ಮಡಿಯ ಪಕ್ಕದ ಚಪ್ಪರದ ಹತ್ತಿರ ಬಂದು ಪಾನ್ಯಾ ನಿಂತುಬಿಟ್ಟಳು. ಬಳ್ಳಿ ಎಲೆಯಿಂದ ಕಿಕ್ಕಿರಿದಿತ್ತು.

"ಅಮ್ಮ, ಜುಲೈನಲ್ಲಿ ಇದು ಬರೀ ದಾರದ ಹಾಗೆ ಇತ್ತಲ್ಲ?"

"ಅಜ್ಜಿ ಎಲೆ ಕಿತ್ತು ಕಿತ್ತು ಹಾಗಾಗಿತ್ತು."

"ಯಾತಕ್ಕೆ?"

ಅಮ್ಮ ಸುತ್ತ ನೋಡಿದಳು. ಅಜ್ಜಿ ದೂರದಲ್ಲಿ ವ್ಯಾನಿನ ನೆರಳಲ್ಲಿ ಕೂತಿದ್ದಳು. "ನಿಮ್ಮಪ್ಪನ ಕಷಾಯಕ್ಕೆ. ನೀನು ಬಂದ ವಾರದಿಂದ. ನಿನ್ನ ಹಿಂದೆ ಏನಾದ್ರೂ ಬಂದಿದ್ರೆ ಅವರಿಗೆ ತಾಗಬಾರದು ಅಂತ. ಮೊದಮೊದಲು ಒಣಗಿದ ಎಲೆ, ಬಳ್ಳಿ ಎದ್ದ ಮೇಲೆ ಹಸೀದು. ಬೆಳಿಗ್ಗೆ ಖಾಲಿ ಹೊಟ್ಟೆಗೆ ಒಂದು ಲೋಟ. ಬಿದ್ದ ಮೇಲೆ ಎರಡು ಲೋಟ ಮಾಡಿದಳು."

"ಈಗ?"

"ನೀನು ಗ್ಯಾರೇಜಿಗೆ ಹೋದ ದಿನವೇ ನಿಲ್ಲಿಸಿದಳು. ಇನ್ಯಾಕೆ ಅಂತ."

ಪಾನ್ಯಾ ಚಪ್ಪರದ ಕೋಲು ಹಿಡಿದುಕೊಂಡಳು. "ಅಮ್ಮ, ಹಾಗಲದ ಎಲೆ ಸಕ್ಕರೆ ಇಳಿಸುತ್ತೆ. ಮಾತ್ರೆಯೂ ಇಳಿಸುತ್ತೆ. ಎರಡೂ ಸೇರಿ..."

"ನನಗೇನೂ ಗೊತ್ತಿಲ್ಲ. ನೀನು ನನಗೆ ಏನೂ ಹೇಳಿಲ್ಲ," ಅಂದಳು ಅಮ್ಮ. ಕಾಯಿಗಳನ್ನು ಬುಟ್ಟಿಗೆ ಹಾಕುವ ಅವಳ ಕೈ ಬೇಗ ಬೇಗ ಆಡತೊಡಗಿತು. "ನಾನು ಈ ಮನೆಗೆ ಸೊಸೆ ಕಣೇ."

ಪರೀಕ್ಷೆಯಲ್ಲಾದರೆ ಇಲ್ಲಿಗೆ ಮುಗಿಯುತ್ತಿತ್ತು. ಸರಿಯುತ್ತರವನ್ನು ಒತ್ತಿ ಮುಂದಿನ ಪ್ರಶ್ನೆಗೆ ಹೋಗುವುದು. ಪಾನ್ಯಾ ಫೆಂಗ್‌ಗೆ ಹೇಳಿದಾಗ ಅವನು ಗ್ಯಾರೇಜಿನೊಳಗೇ ಕುಣಿದ.

"ಗೆದ್ದೆ ಬಿಡು ಅಕ್ಕ! ದೊಡ್ಡಪ್ಪನ ಮುಂದೆ ಹೇಳು. ನಾಳೇನೇ ನಿನ್ನ ಮಂಚ ಒಳಗೆ ತಗೊಂಡು ಹೋಗ್ತೀನಿ."

"ಒಳಗೆ ಹೋದ ದಿನ ಅಜ್ಜಿ ಮತ್ತೆ ಕಷಾಯ ಕಾಸ್ತಾಳೆ."

"ಕಾಸಬೇಡ ಅನ್ನು."

ಅವಳು ಹೇಳಿ ನೋಡಿದಳು. ಹಿತ್ತಲ ನಲ್ಲಿಯಲ್ಲಿ ಮೂಲಂಗಿ ತೊಳೆಯುವಾಗ ಅಜ್ಜಿಯ ಎದುರು ಕುಕ್ಕರಗಾಲಲ್ಲಿ ಕೂತು, ಆದಷ್ಟು ಮೆಲ್ಲಗೆ ಕೇಳಿದಳು.

"ಅಜ್ಜಿ, ನಾನು ಮತ್ತೆ ಒಳಗೆ ಬಂದ್ರೆ ಅಪ್ಪನಿಗೆ ಕಷಾಯ ಕೊಡ್ತೀಯ?"

"ಕೊಡದೆ? ಮೂರು ಲೋಟ ಕೊಡ್ತೀನಿ."

"ಆ ಎಲೆಗೂ ಮಾತ್ರೆಗೂ ಆಗಿಬರದಿದ್ರೆ?"

"ಯಾರಿಗೆ ಆಗಿಬಂದಿಲ್ಲ? ಈ ಬೀದೀಲಿ ಅರ್ಧ ಜನಕ್ಕೆ ನಾನೇ ಕೊಟ್ಟಿದೀನಿ. ನಿಮ್ಮ ದೊಡ್ಡಪ್ಪ ಕುಡಿದ, ಬಿದ್ನಾ? ನಾನು ಕುಡೀತೀನಿ, ಬಿದ್ದೆನಾ?"

"ನೀವ್ಯಾರೂ ಸಕ್ಕರೆ ಮಾತ್ರೆ ತಗೋಳಲ್ಲ ಅಜ್ಜಿ."

ಅಜ್ಜಿಯ ಕೈ ನಿಂತಿತು. ನಲ್ಲಿಯ ನೀರು ಮೂಲಂಗಿಯ ಮೇಲೆ ಬೀಳುತ್ತಲೇ ಇತ್ತು. "ಹಾಗಾದ್ರೆ ಮಾತ್ರೆಯಲ್ಲೇ ಏನೋ ಇದೆ," ಅಂದಳು ನಿಧಾನವಾಗಿ. "ನನಗೆ ಮೊದಲೇ ಅನುಮಾನ. ನಿಲ್ಲಿಸ್ಬಿಡು ಅಂತ ಅವನಿಗೆ ಇವತ್ತೇ ಹೇಳ್ತೀನಿ."

"ಅಯ್ಯೋ ಇಲ್ಲ ಅಜ್ಜಿ. ಮಾತ್ರೆದೇನೂ ತಪ್ಪಿಲ್ಲ. ಸುಮ್ನೆ ಕೇಳಿದೆ. ಮಾತ್ರೆ ಬಿಡಬಾರದು, ಡಾಕ್ಟರ್ ಹೇಳಿದಾರೆ."

"ಮತ್ತೆ ಯಾಕೆ ತಲೆ ತಿಂತೀಯ? ಆ ಬುಟ್ಟಿ ಇತ್ತ ತಾ."

ಉಳಿದದ್ದು ಅಪ್ಪ. ಗುರುವಾರ ಒಂದು ಹೋಟೆಲಿಗೆ ಕೊತ್ತಂಬರಿ ಕೊಡಲು ಹೋಗುವಾಗ ಪಾನ್ಯಾ ವ್ಯಾನಿನಲ್ಲಿ ಅವನ ಪಕ್ಕ ಕೂತಳು. ದಾರಿಯುದ್ದ ಮೇಪಲ್ ಮರಗಳು ಕೆಂಪಾಗಿದ್ದವು.

"ನರ್ಸಿಗೆ ಯಾಕಪ್ಪ ಇಲ್ಲ ಅಂದೆ?"

ಅಪ್ಪ ಕನ್ನಡಿ ನೋಡಿದ, ಪಕ್ಕದ ಸಾಲಿಗೆ ವ್ಯಾನು ತಿರುಗಿಸಿದ. ಕೆಂಪು ದೀಪದಲ್ಲಿ ನಿಂತ ಮೇಲೆ ಹೇಳಿದ.

"ಗೊತ್ತಿತ್ತು ನನಗೆ. ಅದನ್ನ ಕುಡಿದ ಬೆಳಿಗ್ಗೆ ಕೈ ನಡುಗ್ತಿತ್ತು."

"ಮತ್ತೆ ಕುಡೀತಿದ್ದೆ?"

"ಅವಳು ಕೊಟ್ಟಳು."

"ಬೇಡ ಅನ್ನೋಕೆ ಏನಪ್ಪ?"

ದೀಪ ಹಸಿರಾಯಿತು. ಅಪ್ಪ ವ್ಯಾನು ಮುಂದೆ ಬಿಟ್ಟ. ಆಮೇಲೆ ಬೇರೆ ಯಾರದೋ ಸುದ್ದಿ ಹೇಳುವವನಂತೆ ಹೇಳಿದ.

"ಲಾವೋಸ್ ಬಿಟ್ಟು ಓಡಿಬರ್ತಾ ಮೆಕಾಂಗ್ ನದಿ ದಾಟೋವಾಗ ನನಗೊಬ್ಬಳು ತಂಗಿ ಇದ್ದಳು. ಅಮ್ಮನ ಬೆನ್ನಲ್ಲಿ. ದಡದಲ್ಲಿ ಸೈನಿಕರು. ಮಗು ಅತ್ತರೆ ಎಲ್ಲರೂ ಸಾಯ್ತೀವಿ. ಎಲ್ಲರೂ ಕೊಡ್ತಿದ್ದ ಹಾಗೆ ಅಮ್ಮನೂ ಅಫೀಮು ಕೊಟ್ಟಳು. ತನ್ನ ಬೆರಳಲ್ಲೇ. ಮಗು ಅಳಲಿಲ್ಲ." ಸ್ವಲ್ಪ ತಡೆದು, "ಆಚೆ ದಡದಲ್ಲೂ ಅಳಲಿಲ್ಲ" ಅಂದ.

ಪಾನ್ಯಾ ಈ ಮಾತನ್ನು ಹುಟ್ಟಿದ ಮೇಲೆ ಕೇಳಿರಲಿಲ್ಲ. ಆ ಮನೆಯಲ್ಲಿ ಯಾರೂ ಕೇಳಿರಲಿಲ್ಲ.

"ಅವಳು ಕೊಟ್ಟದ್ದನ್ನ ನಾನು ಇವತ್ತಿನವರೆಗೂ ಬೇಡ ಅಂದಿಲ್ಲ," ಅಂದ ಅಪ್ಪ. "ಅಂದ ದಿನ ಅವಳಿಗೆ ತಿಳಿಯುತ್ತೆ, ಇವನಿಗೆ ಅದು ನೆನಪಿದೆ ಅಂತ. ಮತ್ತೆ ಕೊಟ್ರೆ ಕುಡೀತೀನಿ."

"ಸತ್ತು ಹೋಗ್ತೀಯಪ್ಪ."

"ಅದಕ್ಕೇ, ಅವಳು ಮತ್ತೆ ಕಾಸೋ ಹಾಗಾಗಬಾರದು," ಅಂದ ಅಪ್ಪ. ಹೋಟೆಲು ಬಂತು. ಇಬ್ಬರೂ ಇಳಿದು ಪೆಟ್ಟಿಗೆ ಇಳಿಸಿದರು.

ಮೊದಲ ಹೆಪ್ಪುಗಟ್ಟುವ ಚಳಿಗೆ ಮೆಣಸಿನ ಗಿಡಗಳು ಕರ್ರಗೆ ಬಾಡಿ ಜೋತುಬಿದ್ದವು. ಹೊಲ ಉತ್ತಾಯಿತು. ಗ್ಯಾರೇಜಿನ ಕಾಂಕ್ರೀಟು ನೆಲ ಕಾಲ್ಚೀಲದೊಳಗಿಂದಲೂ ಕೊರೆಯುತ್ತಿತ್ತು. ಪಾನ್ಯಾ ಕೋಟು ತೊಟ್ಟುಕೊಂಡೇ ಓದುತ್ತಿದ್ದಳು. ಇನ್ನೊಂದು ತಿಂಗಳಿಗೆ ಅಲ್ಲಿ ನೀರಿನ ಲೋಟವೂ ಗಡ್ಡೆಕಟ್ಟುತ್ತದೆಂದು ಎಲ್ಲರಿಗೂ ಗೊತ್ತಿತ್ತು. ಭಾನುವಾರ ಮಧ್ಯಾಹ್ನ ಚೆರ್ ಪಾವ್ ದೊಡ್ಡಪ್ಪ ಬಂದರು. ಅಮ್ಮ ಎರಡು ಕೋಳಿ ಬೇಯಿಸಿದ್ದಳು. ಮಾತು ಮುಗಿಯುವವರೆಗೆ ಪಾನ್ಯಾ ಮುಂಬಾಗಿಲಿಂದ ಬಂದು ಮೇಜಿಗೆ ಕೂರಬಹುದೆಂದು ಅಜ್ಜಿ ಒಪ್ಪಿದ್ದಳು.

"ತರಕಾರಿ ಮುಗೀತು," ಅಂದರು ದೊಡ್ಡಪ್ಪ. "ವಾ ನೆಂಗ್ ಬಿದ್ನಾ?"

"ಇಲ್ಲ," ಅಂದಳು ಅಮ್ಮ.

"ಪಾನ್ಯಾ, ನೀನೇ ಇಟ್ಟ ಷರತ್ತು. ಏನಂತೀಯ?"

"ದೊಡ್ಡಪ್ಪ, ಅಕ್ಕ ಹೇಳಲ್ಲ, ನಾನು ಹೇಳ್ತೀನಿ," ಅಂದ ಫೆಂಗ್. ಅವನ ಕಿವಿ ಕೆಂಪಾಗಿತ್ತು. "ಬೇಸಿಗೇಲಿ ಅಜ್ಜಿ ಅಪ್ಪನಿಗೆ ದಿನಾ—"

"ಫೆಂಗ್, ಅನ್ನ ತಾ," ಅಂದಳು ಪಾನ್ಯಾ.

"ಅಕ್ಕ—"

"ಅನ್ನ ತಾ ಅಂದೆ."

ಅವನು ಅಪ್ಪನ ಕಡೆ ನೋಡಿದ. ಅಪ್ಪ ತಟ್ಟೆಯ ಕಡೆ ನೋಡುತ್ತಿದ್ದ. ಫೆಂಗ್ ಕುರ್ಚಿಯನ್ನು ಸದ್ದಾಗುವಂತೆ ಹಿಂದೆ ತಳ್ಳಿ ಒಲೆಯ ಹತ್ತಿರ ಹೋದ.

"ಅಜ್ಜಿ ಅಪ್ಪನಿಗೆ ದಿನಾ ಏನು?" ಅಂದಳು ಅಜ್ಜಿ. "ಏನು ಮಾಡಿದೆ ನಾನು?"

ಅವಳ ಕಣ್ಣು ಒಬ್ಬರ ಮುಖದಿಂದ ಇನ್ನೊಬ್ಬರ ಮುಖಕ್ಕೆ ಹೋಗಿ ಮಗನ ಮೇಲೆ ನಿಂತಿತು. ಅಷ್ಟು ಮುದುಕಿಯಾಗಿ ಅವಳು ಹಿಂದೆಂದೂ ಕಂಡಿರಲಿಲ್ಲ. ಅಪ್ಪನ ಕೈಯ ಚಮಚ ಅನ್ನದ ಮೇಲೆ ಹಾಗೇ ನಿಂತಿತ್ತು.

"ನೀನು ದಿನಾ ಎಚ್ಚರಿಸ್ತಿದ್ದೆ ಅಂತ ಹೇಳೋಕೆ ಹೊರಟಿದ್ದ," ಅಂದಳು ಪಾನ್ಯಾ. "ನೀನು ಹೇಳಿದ್ದು ಸರಿ ಅಜ್ಜಿ. ನಾನು ಬಂದೆ, ಅಪ್ಪ ಬಿದ್ದ. ನಾನು ಹೊರಗೆ ಹೋದೆ, ಸರಿಹೋದ. ಬೇರೆ ಕಾರಣ ಇಲ್ಲ."

ಒಲೆಯ ಹತ್ತಿರ ಫೆಂಗ್ ಅನ್ನದ ಪಾತ್ರೆಯ ಮುಚ್ಚಳ ಹಿಡಿದು ಬೆನ್ನು ಮಾಡಿ ನಿಂತಿದ್ದ. ಅಮ್ಮ ಮೂಗು ಒರೆಸಿಕೊಂಡಳು.

"ದೊಡ್ಡ ಮಾತು ಆಡಿದೆ," ಅಂದರು ದೊಡ್ಡಪ್ಪ. "ಎಷ್ಟು ಓದಿದವರೂ ಹೀಗೆ ಒಪ್ಪಲ್ಲ."

"ಒಂದೇ ಒಂದು ಕೇಳ್ತೀನಿ ಅಜ್ಜಿ, ದೊಡ್ಡಪ್ಪನ ಮುಂದೇನೇ. ನಾನು ಹೋದ ಮೇಲೆ ಅಪ್ಪನಿಗೆ ಮಾತ್ರೆ ಸಾಕು. ಬೇರೆ ಮದ್ದು ಗಿದ್ದು ಏನೂ ಬೇಡ."

"ಹುಚ್ಚಿ. ನೀನೇ ಹೋದ್ಮೇಲೆ ನಾನ್ಯಾಕೆ ಮದ್ದು ಕಾಸ್ಲಿ?" ಅಜ್ಜಿಯ ದನಿಯಲ್ಲಿ ಬಿಗುವೆಲ್ಲ ಇಳಿದಿತ್ತು. ಕುರ್ಚಿ ಎಳೆದುಕೊಂಡು ಮೊಮ್ಮಗಳ ಪಕ್ಕದಲ್ಲೇ ಕೂತಳು. ತನ್ನ ಕೈಯಿಂದಲೇ ಕೋಳಿಯ ಕಾಲು ಮುರಿದು ಅವಳ ತಟ್ಟೆಗೆ ಹಾಕಿದಳು. "ತಿನ್ನು. ಅಲ್ಲಿ ಇಷ್ಟು ದಿನ ಏನು ತಿಂದೆಯೋ ಏನೋ, ಕೈ ನೋಡು ಹೇಗಾಗಿದೆ."

"ಮುಂದಿನ ಶನಿವಾರ ಬರೋಕೆ ಹೇಳ್ಲಾ ಶ್ಯೊಂಗ್ ಮನೆಯವರಿಗೆ?" ಅಂದರು ದೊಡ್ಡಪ್ಪ.

"ಶನಿವಾರ ಬೇಡ. ಪರೀಕ್ಷೆ ಇದೆ."

"ಇನ್ನೂ ಯಾಕಮ್ಮ ಅದು?"

ಪಾನ್ಯಾ ತಟ್ಟೆಯನ್ನು ಹತ್ತಿರ ಎಳೆದುಕೊಂಡಳು.

"ನಾನು ಕರ್ಕೊಂಡು ಹೋಗ್ತೀನಿ," ಅಂದ ಅಪ್ಪ. ಆ ಮಧ್ಯಾಹ್ನ ಅವನು ಆಡಿದ ಮಾತು ಅದೊಂದೇ. ಯಾರ ಮುಖವನ್ನೂ ನೋಡದೆ ಆಡಿದ.

"ಸರಿ, ಭಾನುವಾರ," ಅಂದರು ದೊಡ್ಡಪ್ಪ.

ಅಜ್ಜಿ ಕಾಯುತ್ತಿದ್ದಳು. ಪಾನ್ಯಾ ಕೋಳಿಯ ಕಾಲನ್ನು ಕೈಗೆತ್ತಿಕೊಂಡು, ಅವಳ ಕಣ್ಣೆದುರು, ಎಲುಬಿನವರೆಗೂ ತಿಂದಳು.